ಚಿಕ್ಕ ಕೈಗೆ ಗಟ್ಟಿ ಹಿಡಿತ

ಒಲಿಂಪಿಕ್ ವೇಟ್‌ಲಿಫ್ಟಿಂಗ್‌ನಲ್ಲಿ ಗಂಡಸರು ಎತ್ತುವ ಬಾರ್ 20 ಕಿಲೋ ತೂಗುತ್ತದೆ. ಹಿಡಿಯುವ ಜಾಗದಲ್ಲಿ ಅದರ ದಪ್ಪ 28 ಮಿಲಿಮೀಟರ್. ಹೆಂಗಸರ ಬಾರ್ 15 ಕಿಲೋ, 25 ಮಿಲಿಮೀಟರ್. ತೂಕದ ವ್ಯತ್ಯಾಸ ಎಲ್ಲರಿಗೂ ಗೊತ್ತು, ದಪ್ಪದ ವ್ಯತ್ಯಾಸವನ್ನು ಗಮನಿಸುವವರು ಕಡಿಮೆ. ಸುತ್ತಳತೆಯ ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 88 ಮಿಲಿಮೀಟರ್, ಎರಡನೆಯದು 79. ಬೆರಳು ಬಾರ್‌ನ ಅಡಿಯಿಂದ ಸುತ್ತಿಕೊಂಡು ಮೇಲೆ ಬಂದು ಹೆಬ್ಬೆರಳನ್ನು ಮುಟ್ಟುತ್ತದೋ, ಅರ್ಧ ದಾರಿಯಲ್ಲೇ ನಿಂತುಬಿಡುತ್ತದೋ ಎಂಬುದು ಈ ಒಂದು ಸೆಂಟಿಮೀಟರ್‌ಗೂ ಕಡಿಮೆ ಅಂತರದಲ್ಲಿ ತೀರ್ಮಾನವಾಗಬಹುದು.

ಜಿಮ್‌ಗಳಲ್ಲಿ ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿನ ಬಾರ್ ಹಿಡಿದು ನೆಟ್ಟಗೆ ಎದ್ದು ನಿಲ್ಲುವ ವ್ಯಾಯಾಮ, ಮಾಡುವವರ ಬಾಯಲ್ಲಿ ಒಂದು ದೂರು ಆಗಾಗ ಕೇಳಿಬರುತ್ತದೆ: ಬೆನ್ನು ತಡೆಯುತ್ತದೆ, ತೊಡೆ ತಡೆಯುತ್ತದೆ, ಕೈ ಮಾತ್ರ ಜಾರಿಬಿಡುತ್ತದೆ. ಚಿಕ್ಕ ಕೈಯವರಾದರೆ ಅದಕ್ಕೊಂದು ಮಾತು ಸೇರಿಸುತ್ತಾರೆ: ನನ್ನ ಕೈಯೇ ಇಷ್ಟು, ಏನು ಮಾಡೋದು? ಮಾಡುವುದಕ್ಕೆ ಬೇಕಾದಷ್ಟಿದೆ. ಹಿಡಿತದ ಬಲ ಬೇರೆ, ಕೈಯ ಅಳತೆ ಬೇರೆ. ಇವೆರಡನ್ನೂ ಒಂದೇ ಎಂದುಕೊಂಡಿರುವುದರಿಂದಲೇ ಎಷ್ಟೋ ಜನ ಪ್ರಯತ್ನವನ್ನೇ ಬಿಟ್ಟಿದ್ದಾರೆ ಎಂಬುದು ನನ್ನ ನಂಬಿಕೆ.

ಎಡಗೈಯಿಂದ ಬಲ ಮುಂಗೈಯನ್ನು ಮೊಣಕೈ ಹತ್ತಿರ ಹಿಡಿದುಕೊಂಡು, ಬಲಗೈ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿ. ಚರ್ಮದ ಕೆಳಗೆ ಏನೋ ಉಬ್ಬಿ ಇಳಿಯುವುದು ತಿಳಿಯುತ್ತದೆ. ಬೆರಳನ್ನು ಬಿಗಿಯಾಗಿ ಮಡಚುವ ಮುಖ್ಯ ಸ್ನಾಯುಗಳು ಇರುವುದು ಅಲ್ಲಿ, ಬೆರಳಿನಲ್ಲಿ ಅಲ್ಲ. ಅಲ್ಲಿಂದ ಹೊರಟ ಸ್ನಾಯುರಜ್ಜುಗಳು ಮಣಿಕಟ್ಟಿನ ಇಕ್ಕಟ್ಟಾದ ಸುರಂಗವನ್ನು ದಾಟಿ ಬೆರಳ ಮೂಳೆಗಳಿಗೆ ಅಂಟಿಕೊಳ್ಳುತ್ತವೆ. ಆ ಸುರಂಗದಲ್ಲಿ ಒಂಬತ್ತು ರಜ್ಜುಗಳ ಜೊತೆ ಒಂದು ನರವೂ ಹಾದುಹೋಗುತ್ತದೆ. ಸ್ನಾಯುವಿನ ಬಲ ಮುಖ್ಯವಾಗಿ ಅದರ ದಪ್ಪವನ್ನು ಅವಲಂಬಿಸಿದೆ. ಬೆಳೆದು ನಿಂತ ಮೇಲೆ ಬೆರಳ ಮೂಳೆಯನ್ನು ಉದ್ದ ಮಾಡಲಾಗದು, ಮುಂಗೈಯ ಸ್ನಾಯುವನ್ನು ಖಂಡಿತ ದಪ್ಪ ಮಾಡಬಹುದು. ಇನ್ನೊಂದು ಸಂಗತಿಯೂ ಇದೆ. ಸ್ನಾಯು, ರಜ್ಜು ಸಮನಾಗಿದ್ದರೆ ಗಿಡ್ಡ ಬೆರಳಿನ ತುದಿ ಉದ್ದ ಬೆರಳಿನ ತುದಿಗಿಂತ ಹೆಚ್ಚು ಬಲ ಹಾಕುತ್ತದೆ, ಏಕೆಂದರೆ ಅದರ ಸನ್ನೆಕೋಲು ಚಿಕ್ಕದು.

ಹಾಗೆಂದು ಕೈಯ ಅಳತೆಗೆ ಬೆಲೆಯೇ ಇಲ್ಲ ಎನ್ನಲಾಗದು. ಹಿಡಿತದ ಬಲ ಅಳೆಯುವ ಡೈನಮೋಮೀಟರ್ ಎಂಬ ಸಾಧನವಿದೆ. ಅದರ ಪ್ರಸಿದ್ಧ ಮಾದರಿಯಲ್ಲಿ ಹಿಡಿಕೆಯನ್ನು ಐದು ಅಂತರಗಳಿಗೆ ಹೊಂದಿಸಬಹುದು. ಒಬ್ಬನೇ ಮನುಷ್ಯ ಐದರಲ್ಲಿಯೂ ಹಿಂಡಿದರೆ ಐದು ಬೇರೆ ಬೇರೆ ಅಂಕಿ ಬರುತ್ತವೆ. ಹಿಡಿಕೆ ಆ ಕೈಗೆ ತೀರಾ ಅಗಲವಾದರೂ ತೀರಾ ಕಿರಿದಾದರೂ ಬಲ ಕುಸಿಯುತ್ತದೆ. ಸ್ನಾಯುವಿನ ಎಳೆಗಳು ಒಂದರೊಳಗೊಂದು ಸರಿದು ಎಳೆಯುವುದಕ್ಕೆ ಒಂದು ಹದವಾದ ಉದ್ದ ಬೇಕು. ಅತಿಯಾಗಿ ಹಿಗ್ಗಿದರೂ ಕುಗ್ಗಿದರೂ ಅವುಗಳ ಎಳೆತ ಸಡಿಲವಾಗುತ್ತದೆ. ಮಣಿಕಟ್ಟನ್ನು ಪೂರ್ತಿ ಒಳಗೆ ಬಗ್ಗಿಸಿ ಮುಷ್ಟಿ ಬಿಗಿಯಲು ನೋಡಿದರೆ ಇದು ಅನುಭವಕ್ಕೆ ಬರುತ್ತದೆ. ಮುಷ್ಟಿ ಬಿಗಿಯಾಗುವುದೇ ಇಲ್ಲ. ಅದೇ ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಎತ್ತಿದರೆ ಬೆರಳು ತಾನಾಗಿ ಮುಚ್ಚಿಕೊಳ್ಳುತ್ತದೆ. ಮಣಿಕಟ್ಟು ಒಳಗೆ ಮಡಚಿಕೊಳ್ಳದಂತೆ ತಡೆಯುವ ಸ್ನಾಯುಗಳು ಮುಂಗೈಯ ಹೊರಬದಿಯಲ್ಲಿವೆ. ಹಿಡಿತ ಬಲಪಡಿಸಲು ಹೊರಟವರು ಅವನ್ನು ಮರೆಯುವುದೇ ಹೆಚ್ಚು.

ಚಿಕ್ಕ ಕೈಯವರು ಬಾರ್ ಹಿಡಿಯುವುದರಲ್ಲಿ ಒಂದು ತಪ್ಪು ತೀರಾ ಸಾಮಾನ್ಯ. ಜಾರೀತು ಎಂಬ ಭಯಕ್ಕೆ ಅದನ್ನು ಅಂಗೈಯ ನಡುವಿಗೆ ಒತ್ತಿ ಹಿಡಿಯುತ್ತಾರೆ. ಮೇಲ್ನೋಟಕ್ಕೆ ಅದೇ ಭದ್ರ ಎನಿಸುತ್ತದೆ. ಆದರೆ ಭಾರ ನೆಲ ಬಿಟ್ಟ ಕೂಡಲೇ ಬಾರ್ ಕೆಳಕ್ಕೆ ಜಗ್ಗಿ ಬೆರಳುಗಳ ಬುಡಕ್ಕೆ ಬಂದು ನಿಲ್ಲುತ್ತದೆ. ಬರುವಾಗ ಅಂಗೈಯ ಚರ್ಮವನ್ನೂ ಮಡಿಕೆ ಮಾಡಿ ಎಳೆದು ತರುತ್ತದೆ. ಅಲ್ಲೇ ಜಡ್ಡು ಕಟ್ಟುತ್ತದೆ, ಒಂದು ದಿನ ಕಿತ್ತು ಬರುತ್ತದೆ. ಇದಲ್ಲದೆ ಬಾರ್ ಹೊರಳಲು ಶುರುವಾದಾಗ ಬೆರಳು ತೆರೆದುಕೊಳ್ಳುತ್ತದೆ; ತೆರೆದ ಬೆರಳನ್ನು ಭಾರದ ಎದುರು ಮತ್ತೆ ಮುಚ್ಚುವುದು ಹೆಚ್ಚು ಕಡಿಮೆ ಆಗದ ಕೆಲಸ. ಮೊದಲೇ ಬೆರಳ ಬುಡದ ಗೆರೆಯ ಹತ್ತಿರ ಬಾರ್ ಇಟ್ಟುಕೊಂಡರೆ ಹೊರಳಲು ಜಾಗವೇ ಉಳಿಯುವುದಿಲ್ಲ.

ಇನ್ನು ಹೆಬ್ಬೆರಳು. ಹಿಡಿತದಲ್ಲಿ ನಾಲ್ಕು ಬೆರಳು ಒಂದು ಕಡೆಗಾದರೆ, ಬಾಗಿಲು ಹಾಕುವುದು ಈ ಒಂದೇ ಬೆರಳು. ವೇಟ್‌ಲಿಫ್ಟರ್‌ಗಳು ಇದನ್ನು ಬಳಸುವ ಬಗೆಗೆ ಹುಕ್ ಗ್ರಿಪ್ ಎಂದು ಹೆಸರು. ಸಾಮಾನ್ಯವಾಗಿ ನಾವು ಬೆರಳುಗಳ ಮೇಲೆ ಹೆಬ್ಬೆರಳನ್ನು ಇಡುತ್ತೇವೆ. ಹುಕ್ ಗ್ರಿಪ್‌ನಲ್ಲಿ ಹೆಬ್ಬೆರಳು ಮೊದಲು ಬಾರ್ ಸುತ್ತ ಹೋಗುತ್ತದೆ, ತೋರುಬೆರಳು ಮತ್ತು ನಡುಬೆರಳು ಅದರ ಮೇಲೆ ಬಂದು ಅದನ್ನು ಬಾರ್‌ಗೆ ಅದುಮಿ ಹಿಡಿಯುತ್ತವೆ. ಬಾರ್ ಬೆರಳು ಬಿಡಿಸಿಕೊಂಡು ಹೊರಳಬೇಕಾದರೆ ಹೆಬ್ಬೆರಳನ್ನೂ ಎಳೆದುಕೊಂಡೇ ಹೋಗಬೇಕು. ಹಸು ಜಗ್ಗಿದಷ್ಟೂ ಬಿಗಿಯಾಗುವ ಕುಣಿಕೆಯಂತೆ, ಭಾರ ಹೆಚ್ಚಿದಷ್ಟೂ ಈ ಹಿಡಿತ ಬಿಗಿಯಾಗುತ್ತದೆ. ನೋವೂ ಆಗುತ್ತದೆ, ಅದನ್ನು ಮುಚ್ಚಿಡಬಾರದು. ಮೊದಲ ಕೆಲವು ವಾರ ಹೆಬ್ಬೆರಳು ಉರಿಯುತ್ತದೆ, ಆಮೇಲೆ ಒಗ್ಗಿಕೊಳ್ಳುತ್ತದೆ.

ಗಿಡ್ಡ ಬೆರಳಿಗೆ ಇದು ಎಟುಕುವುದಿಲ್ಲ ಎಂದು ಹಲವರು ಒಂದೇ ಸಲಕ್ಕೆ ಕೈಬಿಡುತ್ತಾರೆ. ಎಟುಕಿಸಿಕೊಳ್ಳುವುದಕ್ಕೆ ಕ್ರಮವಿದೆ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಚರ್ಮದ ಸಂದನ್ನು ಮೊದಲು ಬಾರ್‌ಗೆ ಬಲವಾಗಿ ಒತ್ತಬೇಕು. ಆಮೇಲೆ ಹೆಬ್ಬೆರಳನ್ನು ಬಾರ್ ಉದ್ದಕ್ಕೆ ಸ್ವಲ್ಪ ಓರೆಯಾಗಿ ಸುತ್ತಬೇಕು. ಕೊನೆಗೆ ಬೆರಳು. ನಡುಬೆರಳು ಎಟುಕದಿದ್ದರೆ ತೋರುಬೆರಳೊಂದೇ ಹೆಬ್ಬೆರಳ ಉಗುರಿನ ಮೇಲೆ ಕೂತರೂ ಬರಿ ಹಿಡಿತಕ್ಕಿಂತ ವಾಸಿ. ಹೆಬ್ಬೆರಳಿಗೆ ತೆಳುವಾದ ಹಿಗ್ಗುವ ಟೇಪು ಸುತ್ತಿಕೊಂಡರೆ ಚರ್ಮ ಉಳಿಯುತ್ತದೆ.

ಟೋಕಿಯೋ ಒಲಿಂಪಿಕ್ಸ್‌ನಲ್ಲಿ 49 ಕಿಲೋ ವಿಭಾಗದ ಬೆಳ್ಳಿ ಗೆದ್ದ ಮೀರಾಬಾಯಿ ಚಾನು ಐದಡಿಗೂ ಕಡಿಮೆ ಎತ್ತರದವರು. ಬಾರನ್ನು ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲಕ್ಕೆ ಎತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ ಅವರು ಅಲ್ಲಿ ಎತ್ತಿದ್ದು 115 ಕಿಲೋ. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದ ಬೆಳ್ಳಿ ತಂದಾಗ ಕ್ಲೀನ್ ಅಂಡ್ ಜರ್ಕ್‌ನಲ್ಲಿ 138 ಕಿಲೋ ಎತ್ತಿದರು, ಅಂದರೆ ದೇಹತೂಕದ ಸುಮಾರು ಎರಡೂವರೆ ಪಟ್ಟು. ಟರ್ಕಿಯ ನಯೀಮ್ ಸುಲೇಮಾನೊಗ್ಲು 1988ರ ಸಿಯೋಲ್ ಒಲಿಂಪಿಕ್ಸ್‌ನ 60 ಕಿಲೋ ವಿಭಾಗದಲ್ಲಿ ಹಾಗೆಯೇ 190 ಕಿಲೋ ಎತ್ತಿದಾಗ ಅದು ಮೂರು ಪಟ್ಟನ್ನೂ ಮೀರಿತ್ತು. ಅವರ ಎತ್ತರವೂ ಐದಡಿ ಮುಟ್ಟುತ್ತಿರಲಿಲ್ಲ. ಗಿಡ್ಡ ಮೈಕಟ್ಟಿಗೆ ಸಾಮಾನ್ಯವಾಗಿ ಚಿಕ್ಕ ಕೈಯೇ ಇರುತ್ತದೆ. ಈ ಕ್ರೀಡೆಯ ಹಗುರ ವಿಭಾಗಗಳು ನಡೆಯುವುದೇ ಅಂಥ ಕೈಗಳ ಮೇಲೆ.

ಬಾರ್‌ನ ದಪ್ಪದ ವಿಷಯ ನಮ್ಮ ಊರುಗಳ ಜಿಮ್‌ಗಳಿಗೆ ಇನ್ನೂ ಸರಿಯಾಗಿ ಮುಟ್ಟಿಲ್ಲ. ಅಲ್ಲಿನ ರಾಡ್ 28 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪ, ತುಕ್ಕು ಹಿಡಿದು, ಹಿಡಿತಕ್ಕೆಂದು ಕೊರೆದ ಗೀರುಗಳು ಸವೆದು ನುಣುಪಾದದ್ದು. ಅದನ್ನೇ ಗಂಡಸರಿಗೂ, ಹೆಂಗಸರಿಗೂ, ಹದಿನಾಲ್ಕರ ಹುಡುಗಿಗೂ ಕೊಡುತ್ತಾರೆ. ಜಾರಿದರೆ ‘ನಿನಗೆ ಶಕ್ತಿ ಸಾಲದು ಕಣಮ್ಮ’ ಎನ್ನುತ್ತಾರೆ. ಇದು ಅನ್ಯಾಯ. ಹೊಸ ಮೆಷಿನ್‌ಗೆ ಲಕ್ಷ ಸುರಿಯುವ ಜಿಮ್ ಒಂದು 25 ಮಿಲಿಮೀಟರ್ ಬಾರ್ ತಂದಿಟ್ಟರೆ ಎಷ್ಟೋ ಜನರ ಡೆಡ್‌ಲಿಫ್ಟ್ ಆ ವಾರವೇ ಮೇಲೇರುತ್ತದೆ. ಅಲ್ಲಿಯವರೆಗೆ ಕೈಗೆ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ, ಅಂದರೆ ಜಿಮ್ ಚಾಕ್, ಹಚ್ಚಿಕೊಳ್ಳುವುದು ಅಗ್ಗದ ಉಪಾಯ. ಬೆವರನ್ನು ಅದು ಹೀರಿಕೊಳ್ಳುತ್ತದೆ. ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಮಾತ್ರ ಬೇಡವೇ ಬೇಡ, ಅದು ಜಾರಿಸುವ ವಸ್ತು.

ಅಭ್ಯಾಸದ ವಿಷಯಕ್ಕೆ ಬಂದರೆ, ಸ್ಪ್ರಿಂಗ್ ಹಿಂಡುವ ಗ್ರಿಪ್ಪರ್‌ಗಳ ಮೇಲೆ ನನಗೆ ಹೆಚ್ಚು ಭರವಸೆ ಇಲ್ಲ. ಅವುಗಳ ಬಾಯಿ ಅಗಲ. ಚಿಕ್ಕ ಕೈ ತನ್ನ ಅತಿ ದುರ್ಬಲ ಸ್ಥಿತಿಯಿಂದಲೇ ಹಿಂಡಲು ಶುರು ಮಾಡಬೇಕಾಗುತ್ತದೆ. ಅದಕ್ಕೂ ಮಿಗಿಲಾಗಿ, ಬಾರ್ ಎತ್ತುವಾಗ ಬೆರಳು ಹಿಂಡುವುದಿಲ್ಲ, ತೆರೆದುಕೊಳ್ಳದಂತೆ ತಡೆದು ನಿಲ್ಲುತ್ತದೆ. ದೇಹ ಯಾವ ಕೆಲಸ ಮಾಡುತ್ತದೋ ಅದರಲ್ಲೇ ಪಳಗುವುದರಿಂದ ತಡೆದು ನಿಲ್ಲುವುದನ್ನೇ ಕಲಿಸಬೇಕು. ಡೆಡ್‌ಲಿಫ್ಟ್‌ನ ಕೊನೆಯ ಸುತ್ತಿನಲ್ಲಿ ಬಾರ್ ಇಳಿಸುವ ಮೊದಲು ಹತ್ತು ಹದಿನೈದು ಸೆಕೆಂಡು ಹಿಡಿದು ನಿಲ್ಲುವುದು, ಎರಡೂ ಕೈಯಲ್ಲಿ ಭಾರವಾದ ಡಂಬೆಲ್ ಹಿಡಿದು ನಡೆಯುವುದು, ಕಂಬಿಗೆ ಜೋತು ಬೀಳುವುದು, ಇವು ಸಾಕು. ಹೆಬ್ಬೆರಳಿಗಾಗಿ ನುಣುಪಾದ ಪ್ಲೇಟನ್ನು ಚಿವುಟಿ ಹಿಡಿದಂತೆ ಹಿಡಿದು ಎತ್ತಬಹುದು. ದಪ್ಪ ಬಾರ್‌ನ ಅಭ್ಯಾಸ ಬೇಕೆನಿಸಿದರೆ ಟವೆಲ್ ಸುತ್ತಿ ಹಿಡಿಯಿರಿ. ಆದರೆ 50 ಮಿಲಿಮೀಟರ್ ಬಾರ್‌ನ ಸುತ್ತಳತೆ 157 ಮಿಲಿಮೀಟರ್ ಎಂಬುದು ನೆನಪಿರಲಿ. ದೊಡ್ಡ ಕೈಯವರಿಗೆ ಬರೆದ ತೂಕವನ್ನು ಅದರ ಮೇಲೆ ಏರಿಸಬೇಡಿ.

ಮೊದಲ ವಾರಗಳಲ್ಲಿ ಬಲ ಬೇಗ ಏರುತ್ತದೆ, ಏಕೆಂದರೆ ಆಗ ಕಲಿಯುವುದು ಮುಖ್ಯವಾಗಿ ನರಮಂಡಲ. ಸ್ನಾಯು ದಪ್ಪವಾಗುವುದು ಆಮೇಲೆ. ಸ್ನಾಯುರಜ್ಜುಗಳು ಎಲ್ಲಕ್ಕಿಂತ ನಿಧಾನ, ಅವು ಒಗ್ಗಿಕೊಳ್ಳಲು ತಿಂಗಳುಗಳು ಬೇಕು. ಹಾಗಾಗಿ ವಾರಕ್ಕೆ ಎರಡು ಮೂರು ಬಾರಿಗಿಂತ ಹೆಚ್ಚು ಕೈಯನ್ನು ದಂಡಿಸುವುದು ಬೇಡ. ಮೊಣಕೈಯ ಒಳಬದಿ ನೋಯತೊಡಗಿದರೆ ಭಾರ ಇಳಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಹೊತ್ತು ಜೋಮು ಹಿಡಿಯುತ್ತಿದ್ದರೆ ಮಣಿಕಟ್ಟಿನ ಸುರಂಗದಲ್ಲಿರುವ ನರ ಒತ್ತಡಕ್ಕೆ ಸಿಕ್ಕಿರಬಹುದು, ವೈದ್ಯರಿಗೆ ತೋರಿಸಬೇಕು. ಬೆನ್ನು ಕಾಲುಗಳಿಗೆ ಕೈ ತಡೆಯುವುದಕ್ಕಿಂತ ಹೆಚ್ಚು ಭಾರ ಬೇಕಾದ ದಿನ, ಮಣಿಕಟ್ಟನ್ನು ಬಾರ್‌ಗೆ ಬಿಗಿಯುವ ಸ್ಟ್ರ್ಯಾಪ್ ಕಟ್ಟಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಸ್ಪರ್ಧೆಗೆ ಇಳಿಯುವವರು ಮಾತ್ರ ವೇಟ್‌ಲಿಫ್ಟಿಂಗ್ ವೇದಿಕೆಯ ಮೇಲೆ ಅದಕ್ಕೆ ಅವಕಾಶವಿಲ್ಲ ಎಂಬುದನ್ನು ತಿಳಿದು, ಹಗುರ ಸುತ್ತುಗಳನ್ನೆಲ್ಲ ಬರಿಗೈಯಲ್ಲೇ ಎತ್ತಬೇಕು.