ಸೂಪರ್‌ಹೀರೋ ವಿಡಿಯೋ ಆಟ: ಸೊಗಸೆಲ್ಲಿ, ಬೇಸರವೆಲ್ಲಿ?

ಮಗ್ಗದ ಕೂಲಿಯಲ್ಲಿ ಉಳಿಸಿದ ಹಣದಿಂದ ಮಗನಿಗೆ ಒಂದು ವಿಡಿಯೋ ಆಟ ಕೊಡಿಸುತ್ತೇವೆ. ಎರಡೇ ದಿನಕ್ಕೆ ಅದು ಮೂಲೆ ಸೇರಿದರೆ ಹೊಟ್ಟೆ ಉರಿಯುವುದಿಲ್ಲವೇ? ಒಳ್ಳೆಯ ಆಟವನ್ನು ಗುರುತಿಸುವುದು ಹೇಗೆಂದು ಇಂದು ತಿಳಿಯೋಣ.

ನೂಲಿಗೆ ಹಿಡಿತವಿಲ್ಲದೆ ನೇಯ್ಗೆಯಿಲ್ಲ. ಸೋಮನೂರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 2002ರ ಸ್ಪೈಡರ್‌ಮ್ಯಾನ್ ಆಟದಲ್ಲಿ ನಾಯಕನ ಬಲೆಯ ನೂಲು ಬರಿಯ ಆಕಾಶಕ್ಕೇ ಅಂಟುತ್ತಿತ್ತು. 2004ರ 'ಸ್ಪೈಡರ್‌ಮ್ಯಾನ್ 2' ಆಟದಲ್ಲಿ ಅದು ಕಟ್ಟಡಗಳಿಗೆ ಅಂಟತೊಡಗಿತು. ಹತ್ತಿರ ಕಟ್ಟಡವಿಲ್ಲದಿದ್ದರೆ ಜೀಕುವಂತಿಲ್ಲ. ಎಲ್ಲಿ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಆಡುವವನ ಕೈಯೇ ಕಲಿಯಬೇಕು. ಬೀದಿಯಿಂದ ಬೀದಿಗೆ ಹೋಗುವುದೇ ಒಂದು ಆಟವಾಯಿತು.

ನಾಯಕನಿಗೆ ಅಳುಕೂ ಇರಬೇಕು. 2009ರ 'ಬ್ಯಾಟ್‌ಮ್ಯಾನ್: ಆರ್ಕಮ್ ಅಸೈಲಮ್' ಆಟದಲ್ಲಿ ಬಂದೂಕು ಹಿಡಿದವರ ಎದುರಿಗೆ ನೇರವಾಗಿ ನುಗ್ಗಿದರೆ ಸಾವು. ಎತ್ತರದಲ್ಲಿ ಅಡಗಿ, ಹೊಂಚು ಹಾಕಿ, ಒಬ್ಬೊಬ್ಬರನ್ನೇ ಕೆಡವಬೇಕು. ಅಲ್ಲಿ ಬಲಕ್ಕಿಂತ ಬುದ್ಧಿಗೇ ಕೆಲಸ.

ಬೇಸರಕ್ಕೆ ಉದಾಹರಣೆ ನಿಂಟೆಂಡೊ 64 ಯಂತ್ರಕ್ಕೆ 1999ರಲ್ಲಿ ಬಂದ ಸೂಪರ್‌ಮ್ಯಾನ್ ಆಟ. ಭಾರೀ ಬಲಶಾಲಿಯಾದ ನಾಯಕ ಅಲ್ಲಿ ಗಡಿಯಾರಕ್ಕೆ ಹೆದರಿ, ಗಾಳಿಯಲ್ಲಿ ತೂಗುವ ಬಳೆಗಳೊಳಗೆ ಮತ್ತೆ ಮತ್ತೆ ತೂರಬೇಕು. ಸುತ್ತಲೂ ಮಂಜು. ಹೆಸರು ಸೂಪರ್‌ಮ್ಯಾನ್, ಕೆಲಸ ಸರ್ಕಸ್ಸಿನದು!

ಆದ್ದರಿಂದ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಹಣ ಕೊಡಬೇಡಿ. ಬೇರೆಯವರು ಆಡುವುದನ್ನು ಹತ್ತು ನಿಮಿಷ ನೋಡಿ. ನಾಯಕನ ಶಕ್ತಿ ಆಡುವವನ ಕೈಗೆ ಬರುತ್ತಿದೆಯೇ? ಬಂದರೆ ಕೊಳ್ಳಿ.