ನಾಯಿಮರಿಯ ಬಾಲಕ್ಕೆ ಪೆಟ್ಟಾದಾಗ

ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ನಡೆಸುವ ಪ್ರಾಣಿಗಳ ಆಶ್ರಯಧಾಮವಿದೆ. ಗಾಯಗೊಂಡ ಬೀದಿನಾಯಿಗಳಿಗೆ ಅಲ್ಲಿ ಆರೈಕೆ ದೊರೆಯುತ್ತದೆ. ಆದರೆ ಬಾಗಿಲ ಸಂದಿಗೆ ಬಾಲ ಸಿಕ್ಕಿಸಿಕೊಂಡ ಮರಿ ನಿಮ್ಮ ಮನೆಯಲ್ಲೇ ಇದ್ದರೆ ಏನು ಮಾಡುತ್ತೀರಿ?

ಬಾಲವೆಂಬುದು ಬೆನ್ನೆಲುಬಿನ ಮುಂದುವರಿದ ಭಾಗ. ನಾಯಿಯ ಬಾಲದಲ್ಲಿ ಸಾಮಾನ್ಯವಾಗಿ 20ರಷ್ಟು ಕಶೇರುಮಣಿಗಳಿರುತ್ತವೆ. ಮಿದುಳುಬಳ್ಳಿ ಸೊಂಟದ ಭಾಗದಲ್ಲೇ ಕೊನೆಗೊಳ್ಳುತ್ತದೆ. ಅಲ್ಲಿಂದಾಚೆಗೆ ನರಗಳ ಗೊಂಚಲು ಸಾಗುತ್ತದೆ. ಬಾಲದ ನರಗಳ ಜೊತೆಯಲ್ಲೇ ಮೂತ್ರಕೋಶ ಹಾಗೂ ಗುದದ್ವಾರವನ್ನು ನಿಯಂತ್ರಿಸುವ ನರಗಳೂ ಇವೆ. ಆದ್ದರಿಂದ ಬಾಲವನ್ನು ಬಲವಾಗಿ ಜಗ್ಗಿದರೆ ಬುಡದಲ್ಲಿ ಈ ನರಗಳು ಹಿಗ್ಗಿ ಹರಿಯಬಹುದು. ಆಗ ಮರಿಗೆ ಮೂತ್ರ ಕಟ್ಟಬಹುದು, ಇಲ್ಲವೇ ಅದು ತಾನಾಗಿ ತೊಟ್ಟಿಕ್ಕಬಹುದು.

ಗುರುತಿಸುವುದು ಹೇಗೆ?

ಬಾಲ ಜೋತುಬಿದ್ದಿದೆಯೆ? ಊದಿಕೊಂಡಿದೆಯೆ? ಮುಟ್ಟಿದರೆ ಮರಿ ಕುಂಯ್‌ಗುಟ್ಟುತ್ತದೆಯೆ? ಇವು ಪೆಟ್ಟಿನ ಲಕ್ಷಣಗಳು. ಕೆಲವು ಮರಿಗಳ ಬಾಲದಲ್ಲಿ ಹುಟ್ಟಿನಿಂದಲೇ ಸೊಟ್ಟು ಇರುತ್ತದೆ. ಅದರಲ್ಲಿ ನೋವಾಗಲಿ ಊತವಾಗಲಿ ಇರುವುದಿಲ್ಲ. ಬಾಲದ ತುದಿ ತಣ್ಣಗಾಗಿ ಕಪ್ಪಾಗುತ್ತಿದ್ದರೆ ರಕ್ತಸಂಚಾರ ನಿಂತಿದೆ ಎಂದರ್ಥ. ಮುಟ್ಟಿದರೂ ಅರಿವಿಲ್ಲದಿದ್ದರೆ ಅಥವಾ ಮರಿ ಮೂತ್ರ ಮಾಡದಿದ್ದರೆ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಮೂಳೆ ಮುರಿದಿದೆಯೆ ಎಂಬುದು ಕ್ಷಕಿರಣ ಚಿತ್ರದಿಂದ ಖಚಿತವಾಗುತ್ತದೆ.

ಪ್ರಥಮ ಚಿಕಿತ್ಸೆ

ನೋವಿನಲ್ಲಿರುವ ಮರಿ ಯಜಮಾನನನ್ನೂ ಕಚ್ಚೀತು. ಟವೆಲಿನಲ್ಲಿ ಸುತ್ತಿ ಹಿಡಿಯಿರಿ. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ. ಚಿಕ್ಕ ಗಾಯವನ್ನು ಉಪ್ಪುನೀರಿನಿಂದ ತೊಳೆಯಿರಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಸಾಕು. ಇದರ ಸಾರತೆ ದೇಹದ್ರವದ ಸಾರತೆಗೆ ಸಮೀಪವಿರುವುದರಿಂದ ಜೀವಕೋಶಗಳಿಗೆ ಹಾನಿಯಾಗದು.

ಬಾಲವನ್ನು ಎಳೆದು ನೇರ ಮಾಡಲು ಹೋಗಬೇಡಿ. ದಾರ, ರಬ್ಬರ್ ಬ್ಯಾಂಡುಗಳಿಂದ ಬಿಗಿಯುವುದಂತೂ ಕೂಡದು. ರಕ್ತ ಹರಿಯದೆ ಅಂಗಾಂಶ ಕೊಳೆಯುತ್ತದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ನಮ್ಮ ನೋವಿನ ಮಾತ್ರೆಗಳು ಮರಿಗೆ ವಿಷವಾಗಬಲ್ಲವು.

ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ಅಪಾಯವಿದೆ. ಒದ್ದೆ ಗಾಯದಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೇ ಹುಳುಗಳು ಹೊರಬರಬಹುದು. ದಿನಕ್ಕೆರಡು ಬಾರಿ ಗಾಯವನ್ನು ಪರೀಕ್ಷಿಸಿ, ಒಣಗಿಸಿಡಿ. ಹುಳು ಕಂಡರೆ ಸೀಮೆಎಣ್ಣೆ, ಫಿನಾಯಿಲ್ ಸುರಿಯದೆ ವೈದ್ಯರಿಗೆ ತೋರಿಸಿ.

ಮರಿ ಕಚ್ಚಿದರೆ ಅಥವಾ ಪರಚಿದರೆ ಆ ಜಾಗವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಮರಿಗಳಿಂದಲೂ ರೇಬಿಸ್ ಹರಡಬಲ್ಲದು.

ಶಿಕ್ಷಕರೇ, ತರಗತಿಯಲ್ಲಿ ಬೆನ್ನೆಲುಬಿನ ಪಾಠ ಮಾಡುವಾಗ ಇಷ್ಟನ್ನು ಸೇರಿಸಿ: ಮಕ್ಕಳು ಆಟವೆಂದು ಜಗ್ಗುವ ಬಾಲದ ಬುಡದಲ್ಲಿ ಆ ಮರಿ ಮೂತ್ರ ಮಾಡಲು ಬೇಕಾದ ನರಗಳಿವೆ.