ಹಡಗು ಹೊಲಿದ ತೆಂಗಿನ ನಾರು

ಸೋದರಿಯರೇ, ಅಟ್ಟದ ಕಾಯಿ ಇಳಿಸಿ, ಸುಲಿದು, ಕೊಬ್ಬರಿಯನ್ನು ತಿಪಟೂರು ಮಾರುಕಟ್ಟೆಗೆ ಕಳುಹಿಸಿದ ಮೇಲೆ ಹಿತ್ತಲಲ್ಲಿ ಉಳಿಯುವುದು ಮಟ್ಟೆಯ ರಾಶಿ. ತುರುವೇಕೆರೆಯಾಗಲಿ, ಚಿಕ್ಕನಾಯಕನಹಳ್ಳಿಯಾಗಲಿ, ಅದು ನಾರಿನ ಕಾರ್ಖಾನೆಗೆ ಹೋಗುತ್ತದೆ, ಇಲ್ಲವೇ ಒಲೆಗೆ. ಇಂಥ ನಾರಿನಿಂದಲೇ ಒಂದು ಕಾಲದಲ್ಲಿ ಹಡಗುಗಳನ್ನು ಹೊಲಿಯುತ್ತಿದ್ದರು ಎಂದರೆ ನಂಬುವಿರಾ?

ಈ ರಜೆಯಲ್ಲಿ ಮಕ್ಕಳೊಂದಿಗೆ ಕಾರವಾರಕ್ಕೆ ಹೋಗಿ ಬನ್ನಿ. ತಿಪಟೂರಿನಿಂದ ಹುಬ್ಬಳ್ಳಿಗೆ ರೈಲು, ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಇಳಿದರೆ ಕಡಲು. ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ‘ಐಎನ್‌ಎಸ್ ಚಪಲ್’ ಯುದ್ಧನೌಕೆ 2006ರಲ್ಲಿ ವಸ್ತುಸಂಗ್ರಹಾಲಯವಾಯಿತು. ನಾವಿಕರು ದಿನಗಟ್ಟಲೆ ಬಾಳಿದ ಇಕ್ಕಟ್ಟಿನ ಕೋಣೆಗಳನ್ನು ಕಂಡಾಗ ಕಡಲ ಬದುಕಿನ ಕಷ್ಟ ಮಕ್ಕಳಿಗೆ ಅರ್ಥವಾಗುತ್ತದೆ.

ಅದು ಉಕ್ಕಿನ ಹಡಗು. ಇದೇ ಕಾರವಾರದ ನೌಕಾನೆಲೆಯಲ್ಲಿ 2025ರ ಮೇ 21ರಂದು ಬೇರೊಂದು ಬಗೆಯ ಹಡಗು ನೌಕಾಪಡೆಯನ್ನು ಸೇರಿತು. ಅದರ ಹೆಸರು ‘ಕೌಂಡಿನ್ಯ’. ಅಜಂತಾ ಗುಹೆಯ 5ನೇ ಶತಮಾನದ ಚಿತ್ರವೊಂದರ ಆಧಾರದಲ್ಲಿ ಕಟ್ಟಿದ ಈ ಹಾಯಿಹಡಗಿನ ಹಲಗೆಗಳನ್ನು ಬಿಗಿದಿರುವುದು ಮೊಳೆಯಲ್ಲ, ತೆಂಗಿನ ನಾರಿನ ಹಗ್ಗ. 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಅದು ಮರುತಿಂಗಳು ಮಸ್ಕತ್ ತಲುಪಿತು.

14ನೇ ಶತಮಾನದ ಪ್ರವಾಸಿ ಇಬ್ನ್ ಬತೂತಾ ಇದರ ಗುಟ್ಟನ್ನು ಬರೆದಿಟ್ಟಿದ್ದಾರೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ನಾರಿನಿಂದ ಹೊಲಿದದ್ದು ಬಳುಕಿ ಉಳಿಯುತ್ತದೆ. ಮಾಲ್ಡೀವ್ಸಿನಲ್ಲಿ ಮಟ್ಟೆಯನ್ನು ಕಡಲಂಚಿನ ಗುಂಡಿಯಲ್ಲಿ ನೆನೆಹಾಕಿ ಬಡಿದ ಮೇಲೆ ಹುರಿ ಹೊಸೆಯುತ್ತಿದ್ದವರು ಹೆಂಗಸರು. ಆ ಹುರಿ ಭಾರತ, ಚೀನಾ, ಯೆಮನ್‌ಗಳಿಗೆ ಹೋಗುತ್ತಿತ್ತು.

ಕಾರವಾರದಿಂದ ದಕ್ಷಿಣಕ್ಕಿರುವ ಹೊನ್ನಾವರಕ್ಕೂ ಅವರು ಬಂದಿದ್ದರು. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡು, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲವೆಂದರು. ಅಲ್ಲಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿತ್ತೆಂದೂ ಬರೆದರು. ಇನ್ನೂ ಕೆಳಗಿನ ಭಟ್ಕಳದ ನವಾಯತರು ತಮ್ಮ ಮೂಲವನ್ನು ಈ ಕಡಲು ದಾಟಿ ಬಂದ ಅರಬ್ ವರ್ತಕರಲ್ಲಿ ಕಾಣುತ್ತಾರೆ. ಬಂದವರು ಗಂಡಸರು. ಅವರನ್ನು ಈ ನೆಲದವರನ್ನಾಗಿ ಮಾಡಿದ್ದು ಇಲ್ಲಿನ ಹೆಂಗಸರ ಅಡುಗೆಮನೆ, ಇಲ್ಲಿನ ತಾಯಂದಿರ ನುಡಿ.

ಯುದ್ಧನೌಕೆಯಲ್ಲಿ ಮಕ್ಕಳು ಕ್ಷಿಪಣಿಗಳ ಮುಂದೆ ನಿಲ್ಲುತ್ತಾರೆ, ನಿಲ್ಲಲಿ. ಆದರೆ ಹುರಿ ಹೊಸೆದ ಕೈಗಳಿಗೆ ಯಾವ ಫಲಕವೂ ಇಲ್ಲ. ಆ ಮಾತನ್ನು ನೀವೇ ಹೇಳಬೇಕು. ಊರಿಗೆ ಮರಳಿದ ಮೇಲೆ ಹತ್ತಿರದ ನಾರಿನ ಘಟಕಕ್ಕೂ ಮಕ್ಕಳನ್ನು ಕರೆದೊಯ್ಯಿರಿ. ಅಲ್ಲಿ ದುಡಿಯುವ ಅಕ್ಕಂದಿರ ಹೆಸರು ಕೇಳಿಸಿ. ಅವರ ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂಬುದನ್ನೂ ವಿಚಾರಿಸಿ.